ಅಕ್ಬರ್ ಬಾದಶಹರು ಯಾಕೆ ಅಷ್ಟು ಗಟ್ಟಿಯಾಗಿ ಮಾತಾಡ್ತಾರೆ?

ಹೋದ ವರ್ಷ ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಮೊಘಲರ ಪಾಠ ಮುಗಿದ ಮೇಲೆ ‘ಮುಘಲ್-ಎ-ಆಜ಼ಂ’ ಚಿತ್ರದ ಹತ್ತು ನಿಮಿಷದ ಒಂದು ತುಣುಕು ತೋರಿಸಿದೆ. ಪೃಥ್ವಿರಾಜ್ ಕಪೂರ್ ಅಕ್ಬರನಾಗಿ ಬಾಯಿ ತೆರೆದದ್ದೇ ತಡ, ಹಿಂದಿನ ಬೆಂಚಿನಲ್ಲಿ ನಗು ಶುರುವಾಯಿತು. ಒಬ್ಬ ಹುಡುಗ ಎದೆಯುಬ್ಬಿಸಿ ಅದೇ ದನಿಯ ಅಣಕ ಮಾಡಿದ. ಇನ್ನೊಬ್ಬಳು ಪ್ರಾಮಾಣಿಕವಾಗಿಯೇ ಕೇಳಿದಳು: “ಟೀಚರ್, ಮಗ ಎದುರಿಗೇ ನಿಂತಿದಾನೆ. ಮತ್ತೆ ಬಾದಶಹರು ಯಾಕೆ ಅಷ್ಟು ಗಟ್ಟಿಯಾಗಿ ಮಾತಾಡ್ತಾರೆ?”

ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. “ಹಳೇ ಕಾಲದ ನಟನೆ ಹಾಗೇ ಇತ್ತು” ಅಂತ ಹೇಳಿ ಪಾರಾದೆ. ಆದರೆ ಮನೆಗೆ ಬರುವಾಗ ಲೋಕಲ್ ಟ್ರೈನಿನಲ್ಲಿ ಆ ನಗು ನನ್ನ ಜೊತೆಗೇ ಬಂತು. ನೋವಾಗಿತ್ತು ಅಂದರೆ ತಪ್ಪಿಲ್ಲ. ಯಾಕೆಂದರೆ ನನ್ನ ನಾನಾ, ಅಂದರೆ ಅಮ್ಮನ ತಂದೆ, ಕಲಬುರಗಿಯ ಮನೆಯ ಜಗಲಿಯಲ್ಲಿ ಕೂತು ಇಂಥ ಡೈಲಾಗುಗಳನ್ನು ಪೂರಾ ಬಾಯಿಪಾಠ ಹೇಳುತ್ತಿದ್ದರು. ಮನೆಯಲ್ಲಿ ‘ಕಾಯ್ಕು’, ‘ನಕ್ಕೋ’ ಅನ್ನುವ ದಖನಿ ಮಾತಾಡುವ ಮನುಷ್ಯ ಆ ಹೊತ್ತಿಗೆ ಬೇರೆಯೇ ಆಗಿಬಿಡುತ್ತಿದ್ದರು. ಬೆನ್ನು ನೆಟ್ಟಗಾಗುತ್ತಿತ್ತು, ದನಿ ಹೊಟ್ಟೆಯಿಂದ ಬರುತ್ತಿತ್ತು. ನಾವು ಮಕ್ಕಳು ನಗುತ್ತಿರಲಿಲ್ಲ. ನಗಬಾರದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ನಗು ಬರುತ್ತಲೇ ಇರಲಿಲ್ಲ.

ಹಾಗಾದರೆ ನಾನಾರ ಕಾಲಕ್ಕೂ ನನ್ನ ವಿದ್ಯಾರ್ಥಿಗಳ ಕಾಲಕ್ಕೂ ನಡುವೆ ಏನಾಯಿತು? ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ನೀವು ವಿದ್ಯಾರ್ಥಿಯಾಗಿದ್ದರೆ ಇತಿಹಾಸದ ಒಂದು ಪಾಠ ಅಂತ ಓದಿ. ಹಿರಿಯರಾಗಿದ್ದರೆ ನನ್ನ ಮಾತಿನ ಜೊತೆಗೆ ನಿಮ್ಮ ನೆನಪನ್ನೂ ಸೇರಿಸಿಕೊಳ್ಳಿ.

ಮೈಕ್ ಇಲ್ಲದ ಕಾಲ

ಮೊದಲು ಒಂದು ಸಣ್ಣ ವಿಷಯ. ಬಿ.ಎಡ್. ಮಾಡುವಾಗ ನಮಗೆ ಕಲಿಸಿದ ಮೊದಲ ಸಂಗತಿಗಳಲ್ಲಿ ಒಂದು, ಕೊನೆಯ ಬೆಂಚಿಗೂ ದನಿ ಮುಟ್ಟಬೇಕು ಎಂಬುದು. ಅರವತ್ತು ಮಕ್ಕಳು, ಮೇಲೆ ಗಡಗಡ ಫ್ಯಾನು, ಕಿಟಕಿಯಾಚೆ ಐದು ನಿಮಿಷಕ್ಕೊಂದು ರೈಲು. ಇಂಥ ಕೋಣೆಯಲ್ಲಿ ಯಾವ ಶಿಕ್ಷಕರೂ ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡುವುದಿಲ್ಲ. ಪದಗಳನ್ನು ಬಿಡಿಸಿ ಹೇಳುತ್ತೇವೆ, ಮುಖ್ಯವಾದದ್ದನ್ನು ಎರಡು ಸಲ ಹೇಳುತ್ತೇವೆ, ಕೈ ಎತ್ತುತ್ತೇವೆ, ಬೇಕೆಂದೇ ನಿಲ್ಲಿಸುತ್ತೇವೆ. ಇದನ್ನು ಯಾರೂ ‘ಓವರ್ ಆಕ್ಟಿಂಗ್’ ಅನ್ನುವುದಿಲ್ಲ, ಪಾಠ ಅನ್ನುತ್ತಾರೆ.

ಪಾರ್ಸಿ ರಂಗಭೂಮಿಯ ನಟನ ಪರಿಸ್ಥಿತಿ ಇದಕ್ಕಿಂತ ಕಷ್ಟದ್ದು. ಮುಂಬೈಯಲ್ಲಿರುವ ಓದುಗರಿಗೆ ಗ್ರ್ಯಾಂಟ್ ರೋಡ್ ಹತ್ತಿರದ ‘ಪೀಲಾ ಹೌಸ್’ ಗೊತ್ತಿರುತ್ತದೆ. ಅಲ್ಲಿ ಹಳದಿ ಬಣ್ಣದ ಮನೆ ಯಾವುದೂ ಇಲ್ಲ. ‘ಪ್ಲೇ ಹೌಸ್’, ಅಂದರೆ ನಾಟಕಶಾಲೆ ಎಂಬ ಮಾತು ಜನರ ಬಾಯಲ್ಲಿ ತಿರುಗಿ ಪೀಲಾ ಹೌಸ್ ಆಯಿತು. 19ನೇ ಶತಮಾನದಲ್ಲಿ ಆ ಬೀದಿಗಳೇ ನಾಟಕದ ತವರು. 1853ರಲ್ಲಿ ಪಾರ್ಸಿಗಳ ಮೊದಲ ನಾಟಕ ಮಂಡಳಿ ಮುಂಬೈಯಲ್ಲಿ ಆಟ ಶುರುಮಾಡಿತು. ಮೊದಮೊದಲು ಗುಜರಾತಿಯಲ್ಲಿ ಆಡುತ್ತಿದ್ದರು. 1870ರ ದಶಕದಿಂದ ಉರ್ದುವಿಗೆ ಹೊರಳಿದರು. ಕಾರಣ ವ್ಯಾಪಾರದ್ದೇ. ಗುಜರಾತಿ ನಾಟಕ ಗುಜರಾತಿ ಬಲ್ಲವರಿಗೆ ಮಾತ್ರ, ಉರ್ದು ನಾಟಕವಾದರೆ ಹೈದರಾಬಾದ್, ದಿಲ್ಲಿ, ಲಾಹೋರ್, ಕಲ್ಕತ್ತಾ, ರಂಗೂನ್ ಎಲ್ಲ ಕಡೆ ಟಿಕೆಟ್ ಮಾರಬಹುದಿತ್ತು. ಮಾಲೀಕರು ಪಾರ್ಸಿಗಳು, ಬರೆಯುವ ‘ಮುನ್ಶಿ’ಗಳಲ್ಲಿ ಬಹಳ ಜನ ಮುಸ್ಲಿಮರು, ಜೊತೆಗೆ ನಾರಾಯಣ ಪ್ರಸಾದ್ ಬೇತಾಬ್ ಅವರಂಥ ಹಿಂದೂಗಳು, ನಟರಲ್ಲಿ ಎಲ್ಲ ಜಾತಿಮತದವರು. ಈ ರಂಗಭೂಮಿ ಯಾವ ಒಂದು ಸಮುದಾಯದ ಆಸ್ತಿಯೂ ಆಗಿರಲಿಲ್ಲ.

ಸಾವಿರ ಜನ ಕೂತ ಥಿಯೇಟರು. ಮೈಕಿಲ್ಲ, ವಿದ್ಯುತ್ ದೀಪ ಬಂದದ್ದು ಆಮೇಲೆ. ಕೊನೆಯ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೆ ನಟನ ಕಣ್ಣಂಚಿನ ನೀರು ಕಾಣುವುದಿಲ್ಲ, ದನಿ ಮಾತ್ರ ಮುಟ್ಟುತ್ತದೆ. ಅದಕ್ಕೇ ಇಡೀ ಪಾತ್ರವನ್ನು ದನಿಯೊಳಗೆ ಕಟ್ಟಬೇಕಾಯಿತು. ಗದ್ಯದಲ್ಲೂ ಪ್ರಾಸ ಬಂತು. ಪ್ರಾಸವಿದ್ದರೆ ಒಂದು ಪದ ಗದ್ದಲದಲ್ಲಿ ಕಳೆದುಹೋದರೂ ಮುಂದಿನ ಪದದಿಂದ ಅದನ್ನು ಊಹಿಸಬಹುದು. ಮಾತಿನ ತುದಿಯಲ್ಲಿ ಒಂದು ಶೇರ್ ಬಂತು, ಚಪ್ಪಾಳೆಗೆ ಜಾಗ ಬೇಕಲ್ಲ! ಮನಸ್ಸಿನ ಒಳಗಿನದನ್ನು ಹೇಳಲು ಸ್ವಗತ ಬಂತು. ದೃಶ್ಯದ ಕೊನೆಗೆ ಎಲ್ಲರೂ ಚಿತ್ರಪಟದಂತೆ ಸ್ತಬ್ಧವಾಗಿ ನಿಲ್ಲುವ ‘ಟ್ಯಾಬ್ಲೋ’ ಬಂತು. ಪ್ರೇಕ್ಷಕ ‘ಒನ್ಸ್ ಮೋರ್’ ಎಂದರೆ ಸತ್ತವನೂ ಎದ್ದು ಇನ್ನೊಮ್ಮೆ ಸಾಯುತ್ತಿದ್ದ ಅಂತ ನಮ್ಮ ಕಡೆಯ ಕಂಪನಿ ನಾಟಕದವರು ತಮಾಷೆ ಮಾಡುವುದನ್ನು ನೀವೂ ಕೇಳಿರುತ್ತೀರಿ.

ನಮ್ಮ ಕಡೆಯ ಕಂಪನಿ ನಾಟಕ ಅಂದೆನಲ್ಲ, ಅದರ ಮೇಲೂ ಪಾರ್ಸಿ ಕಂಪನಿಗಳ ನೆರಳು ದೊಡ್ಡದಾಗಿಯೇ ಬಿದ್ದಿದೆ. ಮೈಸೂರಿಗೆ ಬಂದ ಪಾರ್ಸಿ ತಂಡಗಳ ಪರದೆ, ಹಾಡು, ಸೀನರಿ ನೋಡಿ ಕನ್ನಡದ ಕಂಪನಿಗಳು ಕಲಿತವು. ಮುಸ್ಲಿಂ ಓದುಗರು ಒಂದು ಹೆಸರನ್ನು ನೆನಪಿಟ್ಟುಕೊಳ್ಳಬೇಕು: ಮಹಮ್ಮದ್ ಪೀರ್. ಕನ್ನಡ ವೃತ್ತಿ ರಂಗಭೂಮಿಯಲ್ಲಿ ಚಂದ್ರಕಲಾ ನಾಟಕ ಮಂಡಳಿ ಕಟ್ಟಿದವರು ಅವರು. ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕೆ’ ಅವರ ಮಂಡಳಿಯ ಹೆಸರಾದ ನಾಟಕ. ಅದು 1936ರಲ್ಲಿ ಸಿನಿಮಾ ಆಯಿತು. ಪೀರ್ ಅವರ ಮಂಡಳಿಯಲ್ಲಿ ಬೆಳೆದ ಬಿ.ಆರ್. ಪಂತುಲು ಅದರಲ್ಲಿ ನಟಿಸಿದರು. ಅದೇ ಸಿಂಹ ಅವರು 1954ರಲ್ಲಿ ‘ಬೇಡರ ಕಣ್ಣಪ್ಪ’ ನಿರ್ದೇಶಿಸಿ ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿ ಮಾಡಿದರು. ಒಬ್ಬ ಪೀರ್ ಸಾಹೇಬರ ರಂಗಮಂಚದಿಂದ ಅಣ್ಣಾವ್ರವರೆಗೆ ಹೀಗೊಂದು ದಾರಿ ಇದೆ. ನಮ್ಮ ಪಠ್ಯಗಳಲ್ಲಿ ಇದು ಎಲ್ಲಿಯೂ ಬರುವುದಿಲ್ಲ, ಅದಕ್ಕೇ ಇಲ್ಲಿ ಹೇಳಿದೆ.

ಟಾಕಿ ಬಂತು, ದನಿ ಉಳಿಯಿತು

1931ರ ಮಾರ್ಚ್ 14. ಗಿರ್ಗಾಂವ್‌ನ ಮೆಜೆಸ್ಟಿಕ್ ಸಿನಿಮಾದಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ತೆರೆಕಂಡಿತು. ಭಾರತದ ಮೊದಲ ಮಾತಿನ ಚಿತ್ರ, ಜೋಸೆಫ್ ಡೇವಿಡ್ ಅವರ ಪಾರ್ಸಿ ನಾಟಕವನ್ನು ಆಧರಿಸಿದ್ದು. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ ಇದ್ದುದರಿಂದ ಗಾಡಿಗಳು ನಿಂತ ಮೇಲೆ, ನಡುರಾತ್ರಿಯ ನಂತರ ಚಿತ್ರೀಕರಣ ಮಾಡುತ್ತಿದ್ದರಂತೆ. ನನ್ನ ತರಗತಿಯ ರೈಲು ನೆನಪಾಗಿ ನನಗೆ ಇದನ್ನು ಓದಿದಾಗ ನಗು ಬಂತು. ಮೈಕುಗಳನ್ನು ಅಲ್ಲಲ್ಲಿ ಮರೆಮಾಡಿ ಇಡುತ್ತಿದ್ದರು. ಚಿತ್ರ ಮತ್ತು ದನಿ ಒಟ್ಟಿಗೇ ದಾಖಲಾಗಬೇಕು, ಆಮೇಲೆ ತಿದ್ದುವ ಸೌಕರ್ಯ ಇಲ್ಲ. ಇಂಥ ಯಂತ್ರಕ್ಕೆ ಪಿಸುಮಾತು ಹಿಡಿಸುತ್ತಿರಲಿಲ್ಲ. ಬಿಡಿಬಿಡಿಯಾದ, ತುಂಬುದನಿಯ, ತಲಫ಼್ಫುಜ಼್ ಶುದ್ಧವಿರುವ ನಟರೇ ಬೇಕು. ಮೂಕಿ ಚಿತ್ರಗಳ ಸಾಹಸ ನಾಯಕ ಮಾಸ್ಟರ್ ವಿಠಲ್ ಈ ಚಿತ್ರದ ನಾಯಕರಾದರೂ ಅವರ ಹಿಂದೂಸ್ತಾನಿ ಉಚ್ಚಾರ ಸರಿಯಿಲ್ಲ ಎಂದು ಪಾತ್ರಕ್ಕೆ ಮಾತು ಕಡಿಮೆ ಮಾಡಿದರು ಎನ್ನುತ್ತಾರೆ. ಅದೇ ಚಿತ್ರದಲ್ಲಿ ಇಪ್ಪತ್ತನಾಲ್ಕರ ಯುವಕ ಪೃಥ್ವಿರಾಜ್ ಕಪೂರ್ ಕೂಡ ಇದ್ದರು. ಇಂದು ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ.

ಹೀಗೆ ರಂಗಭೂಮಿಯ ದನಿ ಸಿನಿಮಾಕ್ಕೆ ಬಂದದ್ದು ಹಳೇ ಅಭ್ಯಾಸದಿಂದ ಮಾತ್ರ ಅಲ್ಲ, ಯಂತ್ರಕ್ಕೂ ಅದು ಬೇಕಾಗಿತ್ತು. ಕನ್ನಡದಲ್ಲೂ ಇದೇ ಕಥೆ. 1934ರ ‘ಸತಿ ಸುಲೋಚನ’ದ ನಾಯಕ ಸುಬ್ಬಯ್ಯ ನಾಯ್ಡು ಅವರು ನಾಟಕದ ನಟರೇ.

ಈ ದನಿಯನ್ನು ಕಲೆಯ ಮಟ್ಟಕ್ಕೆ ಒಯ್ದವರು ಸೊಹ್ರಾಬ್ ಮೋದಿ. 1935ರಲ್ಲಿ ‘ಖೂನ್ ಕಾ ಖೂನ್’ ಹೆಸರಿನಲ್ಲಿ ಹ್ಯಾಮ್ಲೆಟ್ ಅನ್ನು ಉರ್ದುವಿನಲ್ಲಿ ತೆರೆಗೆ ತಂದರು. ಮರುವರ್ಷ ಮಿನರ್ವಾ ಮೂವಿಟೋನ್ ಕಟ್ಟಿದರು. 1939ರ ‘ಪುಕಾರ್’ನಲ್ಲಿ ಜಹಾಂಗೀರನ ನ್ಯಾಯದ ಕಥೆ. ನೂರ್‌ಜಹಾನಳ ಬಾಣಕ್ಕೆ ಒಬ್ಬ ಅಗಸ ಸಾಯುತ್ತಾನೆ. ಅಗಸಗಿತ್ತಿ ಬಂದು ನ್ಯಾಯ ಕೇಳುತ್ತಾಳೆ. ‘ಜೀವಕ್ಕೆ ಜೀವ’ ಎಂದು ಬೇರೆಯವರಿಗೆ ತೀರ್ಪು ಕೊಟ್ಟಿದ್ದ ಬಾದಶಹ ಈಗ ತನ್ನ ಹೆಂಡತಿಯ ವಿಷಯದಲ್ಲಿ ಏನು ಮಾಡುತ್ತಾನೆ? ನೀನು ಗಂಡನನ್ನು ಕಳೆದುಕೊಂಡೆ, ಬೇಗಮಳ ಗಂಡನ ಮೇಲೆ ಬಾಣ ಬಿಡು ಎಂದು ಅವಳ ಮುಂದೆ ತಾನೇ ನಿಲ್ಲುತ್ತಾನೆ. ಈ ಘಟನೆ ಇತಿಹಾಸವಲ್ಲ, ಕಥೆ. ಆದರೆ ಪಾತ್ರದ ನಡಿಗೆ ನೋಡಿ: ಮೊದಲು ಕಾನೂನನ್ನು ಉಚ್ಚರಿಸಿದವನು ಕೊನೆಗೆ ಅದರ ಭಾರವನ್ನು ಮೈಮೇಲೆ ಹೊರುತ್ತಾನೆ. ದರ್ಬಾರಿನ ಎತ್ತರದ ದನಿ ಇಲ್ಲದಿದ್ದರೆ ಈ ಇಳಿತ ನಮಗೆ ತಿಳಿಯುತ್ತಲೇ ಇರಲಿಲ್ಲ.

1941ರ ‘ಸಿಕಂದರ್’ನಲ್ಲಿ ಪೃಥ್ವಿರಾಜ್ ಅಲೆಕ್ಸಾಂಡರ್, ಮೋದಿ ಪುರುರಾಜ. ಎರಡು ದೊಡ್ಡ ದನಿಗಳ ಯುದ್ಧ. ಎರಡನೇ ಮಹಾಯುದ್ಧದ ಕಾಲ ಅದು. ಪರದೇಶದ ದಾಳಿಕೋರನ ಎದುರು ತಲೆಬಾಗದ ರಾಜನ ಮಾತುಗಳು ಬ್ರಿಟಿಷರಿಗೆ ಹಿತವಾಗಲಿಲ್ಲ. ಸೈನ್ಯದ ದಂಡು ಪ್ರದೇಶಗಳ ಕೆಲವು ಥಿಯೇಟರುಗಳಲ್ಲಿ ಚಿತ್ರವನ್ನು ತಡೆದರು. ಗಟ್ಟಿ ದನಿಗೆ ರಾಜಕೀಯದ ಅರ್ಥವೂ ಇತ್ತು ಎಂಬುದನ್ನು ಮರೆಯಬಾರದು.

ಮೋದಿಯವರ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. 1950ರಲ್ಲಿ ಅವರ ‘ಶೀಶ್ ಮಹಲ್’ ನಡೆಯುತ್ತಿದ್ದ ಥಿಯೇಟರಿಗೆ ಅವರೇ ಹೋಗಿದ್ದರಂತೆ. ಮುಂದಿನ ಸಾಲಿನಲ್ಲಿ ಒಬ್ಬ ಕಣ್ಣುಮುಚ್ಚಿ ಕೂತಿದ್ದ. ಮೋದಿಯವರಿಗೆ ಬೇಜಾರಾಯಿತು. ದುಡ್ಡು ವಾಪಸ್ ಕೊಟ್ಟು ಕಳಿಸಿ ಎಂದರಂತೆ. ವಿಚಾರಿಸಲು ಹೋದವನು ತಿರುಗಿ ಬಂದು ಹೇಳಿದ, ಆ ಮನುಷ್ಯ ಕುರುಡ, ನಿಮ್ಮ ದನಿ ಕೇಳೋದಕ್ಕೇ ಬಂದಿದ್ದಾನೆ ಅಂತ.

ಪಿಸುಮಾತಿನ ನಟರು

ಅದೇ ಹೊತ್ತಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಮೈಕು ಸುಧಾರಿಸಿತು, ಕ್ಯಾಮರಾ ಹತ್ತಿರ ಬಂತು. ಮುಖ ಇಪ್ಪತ್ತು ಅಡಿ ಎತ್ತರಕ್ಕೆ ಕಾಣುವಾಗ ಹುಬ್ಬು ಕದಲಿದರೂ ಸಾಕು. ಮೋತಿಲಾಲ್, ಅಶೋಕ್ ಕುಮಾರ್ ಅವರಂಥವರು ತೆರೆಯ ಮೇಲೆ ಸಹಜವಾಗಿ ಮಾತಾಡತೊಡಗಿದರು. 1944ರಲ್ಲಿ ಬಾಂಬೆ ಟಾಕೀಸಿನ ‘ಜ್ವಾರ್ ಭಾಟಾ’ ಚಿತ್ರದಲ್ಲಿ ಪೆಶಾವರದ ಯೂಸುಫ಼್ ಖಾನ್ ‘ದಿಲೀಪ್ ಕುಮಾರ್’ ಎಂಬ ಹೆಸರಿನಲ್ಲಿ ಬಂದರು. ನಾಟಕದ ಅನುಭವ ಇಲ್ಲದ ಹುಡುಗ. ಸಿಟ್ಟು ಬಂದಾಗ ದನಿ ಏರಿಸಬೇಕಾದ ಕಡೆ ಇಳಿಸಿದರು. ಎರಡು ಪದಗಳ ನಡುವೆ ಇಷ್ಟು ಹೊತ್ತು ನಿಲ್ಲಬಹುದು ಎಂದು ತೋರಿಸಿದರು. ಅದೇ ವರ್ಷ ಪೃಥ್ವಿರಾಜ್ ಅವರು ಪೃಥ್ವಿ ಥಿಯೇಟರ್ಸ್ ಶುರುಮಾಡಿ ಊರೂರು ಸುತ್ತತೊಡಗಿದರು. ಮುಂಬೈಯ ಒಪೆರಾ ಹೌಸಿನಲ್ಲಿ ಅವರ ನಾಟಕ ಮುಗಿದ ಮೇಲೆ ಬಾಗಿಲಲ್ಲಿ ಜೋಳಿಗೆ ಚಾಚಿ ತಲೆತಗ್ಗಿಸಿ ನಿಲ್ಲುತ್ತಿದ್ದರು. ಹಲವು ವರ್ಷ ಹೀಗೆ ಆಡಿ ಆಡಿ ಅವರ ದನಿಯೇ ಕೆಟ್ಟುಹೋಯಿತು. 1960ರಲ್ಲಿ ಥಿಯೇಟರ್ಸ್ ಮುಚ್ಚಿತು.

ನೀವು ಈ ಇಬ್ಬರನ್ನು ಹಳೆಯದು-ಹೊಸದು, ಸುಳ್ಳು-ನಿಜ ಎಂದು ಎರಡು ಗೂಡಿಗೆ ಹಾಕಿದರೆ ಅಲ್ಲೇ ತಪ್ಪುತ್ತೀರಿ. ಯಾಕೆಂದರೆ ಎರಡೂ ದಾರಿಗಳು ಒಂದೇ ಚೌಕಟ್ಟಿನಲ್ಲಿ ಸೇರಿದಾಗಲೇ ನಮ್ಮ ಸಿನಿಮಾ ಅತ್ಯಂತ ಎತ್ತರಕ್ಕೆ ಹೋಗಿದ್ದು. ಅಂಥ ಎರಡು ಚಿತ್ರ ಹೇಳುತ್ತೇನೆ.

ಮೊದಲನೆಯದು 1958ರ ‘ಯಹೂದಿ’. ಇದರ ಮೂಲ ಆಗಾ ಹಶ್ರ್ ಕಾಶ್ಮೀರಿ ಅವರ ‘ಯಹೂದಿ ಕೀ ಲಡ್ಕೀ’ ನಾಟಕ. ಬನಾರಸಿನಲ್ಲಿ 1879ರಲ್ಲಿ ಹುಟ್ಟಿದ ಹಶ್ರ್ ಅವರನ್ನು ಉರ್ದುವಿನ ಶೇಕ್ಸ್‌ಪಿಯರ್ ಎಂದೇ ಕರೆದರು. ರೋಮನ್ ದೊರೆಗಳ ಕೆಳಗೆ ಬದುಕುವ ಯಹೂದಿ ಎಜ಼್ರಾ, ಅವನ ಎಳೆಯ ಮಗನನ್ನು ಅಧಿಕಾರಿ ಬ್ರೂಟಸ್ ಕೊಲ್ಲಿಸುತ್ತಾನೆ. ಬ್ರೂಟಸ್‌ನ ಮಗಳು ಎಜ಼್ರಾನ ಕೈಗೆ ಸಿಗುತ್ತಾಳೆ. ಸೇಡು ತೀರಿಸಿಕೊಳ್ಳಲು ಅಷ್ಟು ಸಾಕಿತ್ತು. ಆದರೆ ಅವನು ಆ ಮಗುವನ್ನು ಹನ್ನಾ ಎಂದು ಹೆಸರಿಟ್ಟು ತನ್ನ ಮಗಳಾಗಿ ಸಾಕುತ್ತಾನೆ. ಬಿಮಲ್ ರಾಯ್ ಅವರ ಚಿತ್ರದಲ್ಲಿ ಎಜ಼್ರಾ ಆಗಿ ಸೊಹ್ರಾಬ್ ಮೋದಿ, ಹನ್ನಾ ಆಗಿ ಮೀನಾಕುಮಾರಿ, ವೇಷ ಮರೆಸಿ ಅವಳನ್ನು ಪ್ರೀತಿಸುವ ರೋಮನ್ ರಾಜಕುಮಾರನಾಗಿ ದಿಲೀಪ್ ಕುಮಾರ್.

ಮೋದಿಯವರ ಎಜ಼್ರಾ ಮಾತಾಡುವುದು ಪೂರ್ತಿ ನಾಟಕದ ಧಾಟಿಯಲ್ಲಿ. ಅವನಿಗೆ ಬೇರೆ ಆಯುಧವೇ ಇಲ್ಲ ಎಂಬುದನ್ನು ಗಮನಿಸಿ. ಸೈನ್ಯವಿಲ್ಲ, ಪದವಿಯಿಲ್ಲ, ನ್ಯಾಯಾಲಯವಿಲ್ಲ. ಇರುವುದು ನಾಲಿಗೆ ಒಂದೇ. ದೊರೆಯ ಮುಂದೆ ತಲೆಯೆತ್ತಿ ಮಾತಾಡುವುದೇ ಅವನ ಘನತೆ. ಮನೆಗೆ ಬಂದು ಮಗಳ ಜೊತೆ ಮಾತಾಡುವಾಗ ಮಾತ್ರ ಆ ದನಿ ಮೆತ್ತಗಾಗುತ್ತದೆ. ಸೇಡು ಮತ್ತು ಮಮತೆಯ ನಡುವೆ ಆ ಮುದುಕ ಎಷ್ಟು ದೂರ ನಡೆದಿದ್ದಾನೆ ಎಂಬುದು ಆ ಎರಡು ದನಿಗಳ ಅಂತರದಲ್ಲಿ ತಿಳಿಯುತ್ತದೆ. ಹಶ್ರ್ ಅವರ ನಾಟಕ ಬ್ರಿಟಿಷರ ಆಳ್ವಿಕೆಯಲ್ಲಿ ಆಡಿದ್ದು. ರೋಮ್ ಎಂದರೆ ಯಾರು ಎಂದು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾದ ಅಗತ್ಯ ಇದ್ದಿರಲಾರದು.

ಅಕ್ಬರನ ದನಿ ಒಡೆಯುವ ಜಾಗ

ಈಗ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ‘ಮುಘಲ್-ಎ-ಆಜ಼ಂ’ 1960ರ ಆಗಸ್ಟ್ 5ರಂದು ಮುಂಬೈ ಸೆಂಟ್ರಲ್‌ನ ಮರಾಠಾ ಮಂದಿರದಲ್ಲಿ ಬಿಡುಗಡೆಯಾಯಿತು. ಕೆ. ಆಸಿಫ಼್ ನಿರ್ದೇಶನ. ಸಂಭಾಷಣೆಗೆ ನಾಲ್ಕು ಜನ: ಅಮಾನ್, ಕಮಾಲ್ ಅಮ್ರೋಹಿ, ವಜಾಹತ್ ಮಿರ್ಜ಼ಾ, ಎಹ್ಸಾನ್ ರಿಜ಼್ವಿ. ಕಥೆಗೆ ಹಿನ್ನೆಲೆ ಇಮ್ತಿಯಾಜ಼್ ಅಲಿ ತಾಜ್ ಅವರು 1922ರಲ್ಲಿ ಬರೆದ ‘ಅನಾರ್ಕಲಿ’ ನಾಟಕ.

ಇತಿಹಾಸದ ಶಿಕ್ಷಕಿಯಾಗಿ ಎರಡು ಮಾತು ಹೇಳಿಯೇ ಮುಂದೆ ಹೋಗಬೇಕು. ಅಬುಲ್ ಫಜ಼ಲ್ ಅವರ ‘ಅಕ್ಬರ್‌ನಾಮಾ’ದಲ್ಲಿ ಅನಾರ್ಕಲಿ ಇಲ್ಲ. ತಾಜ್ ಅವರು ಕೂಡ ತಮ್ಮ ಕಥೆಗೆ ಇತಿಹಾಸದ ಆಧಾರವಿದೆ ಎಂದು ಹೇಳಿಕೊಂಡಿಲ್ಲ. ಇನ್ನು ಅಕ್ಬರನ ಆಡಳಿತದ ಭಾಷೆ ಫ಼ಾರಸಿ. ಚಿತ್ರದಲ್ಲಿ ಅವನು ಆಡುವ ಉರ್ದು 16ನೇ ಶತಮಾನದ್ದಲ್ಲ, 20ನೇ ಶತಮಾನದ ರಂಗಭೂಮಿಯದು. ಪೌರಾಣಿಕ ಚಿತ್ರಗಳಲ್ಲಿ ರಾಮ, ಕೃಷ್ಣರು ಆಡುವ ಗ್ರಾಂಥಿಕ ಕನ್ನಡ ಹೇಗೆ ನಾವೇ ಕಟ್ಟಿಕೊಂಡ ಭಾಷೆಯೋ ಇದೂ ಹಾಗೆಯೇ. ಅದೇ 1960ರಲ್ಲಿ ಬಂದ ‘ರಣಧೀರ ಕಂಠೀರವ’ದಲ್ಲಿ ರಾಜ್‌ಕುಮಾರ್ ಅವರ ಮಾತು ನೆನಪಿಸಿಕೊಳ್ಳಿ. 17ನೇ ಶತಮಾನದ ಮೈಸೂರಿನ ಅರಸರು ಹಾಗೆ ಮಾತಾಡುತ್ತಿದ್ದರೇ ಎಂದು ಯಾರೂ ಕೇಳಲಿಲ್ಲ. ಅರಸನೆಂದರೆ ಹೀಗೆ ಕೇಳಿಸಬೇಕು ಎಂಬ ಒಪ್ಪಂದ ಪ್ರೇಕ್ಷಕರಿಗೂ ನಟರಿಗೂ ಮಧ್ಯೆ ಇತ್ತು.

ಸರಿ, ಈಗ ಅಕ್ಬರನನ್ನು ನೋಡಿ. ಚಿತ್ರದ ಆರಂಭದಲ್ಲಿ ಅವನು ಸುಡುವ ಮರಳಿನ ಮೇಲೆ ಬರಿಗಾಲಲ್ಲಿ ನಡೆದು ಸಲೀಂ ಚಿಶ್ತಿಯವರ ಬಳಿ ಮಗು ಬೇಡಲು ಹೋಗುತ್ತಾನೆ. ಅಲ್ಲಿ ಅವನು ಬಾದಶಹ ಅಲ್ಲ, ಬೇಡುವವನು. ಮಗ ಹುಟ್ಟಿದ ಸುದ್ದಿ ತಂದ ದಾಸಿಗೆ ಉಂಗುರ ಕೊಟ್ಟು, ಮುಂದೆ ಏನು ಕೇಳಿದರೂ ಕೊಡುತ್ತೇನೆ ಎಂದು ಮಾತು ಕೊಡುತ್ತಾನೆ. ಇಷ್ಟಾದ ಮೇಲೆ ಸಿಂಹಾಸನ ಏರುತ್ತದೆ, ದನಿಯೂ ಏರುತ್ತದೆ. ಮಗ ದೊಡ್ಡವನಾಗಿ ಯುದ್ಧದಿಂದ ಬಂದಾಗ, ಅನಾರ್ಕಲಿಯ ವಿಷಯ ತಿಳಿದಾಗ, ಅವಳನ್ನು ಬಂಧಿಸುವಾಗ, ಅಕ್ಬರನ ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ ಬರುತ್ತದೆ. ತನ್ನ ಬಗ್ಗೆಯೇ ಮೂರನೆಯವನ ಬಗ್ಗೆ ಹೇಳುವಂತೆ ಹೇಳುತ್ತಾನೆ. ಹಿಂದುಸ್ತಾನ, ನ್ಯಾಯ, ತಲ್ವಾರು, ಇವೇ ಅವನ ಮಾತಿನ ಕಂಬಗಳು.

ಎದುರಿಗೆ ದಿಲೀಪ್ ಕುಮಾರ್ ಅವರ ಸಲೀಂ. ಅವನದು ಇಳಿದನಿ, ಹೆಚ್ಚಿನ ಹೊತ್ತು ಮೌನ. ತಂದೆ ಗುಡುಗಿದಷ್ಟೂ ಮಗ ತಣ್ಣಗಾಗುತ್ತಾನೆ. ಬಹಳ ಜನ ಇದನ್ನು ಎರಡು ನಟನಾ ಶಾಲೆಗಳ ಸ್ಪರ್ಧೆ ಎಂದು ನೋಡಿದರು. ಯಾರು ಗೆದ್ದರು ಎಂದು ಚಹಾದಂಗಡಿಯಲ್ಲಿ ವಾದ ಮಾಡಿದರು. ನನಗೆ ಕಾಣುವುದು ಬೇರೆ. ಇಬ್ಬರ ದನಿಯ ವ್ಯತ್ಯಾಸವೇ ಇಲ್ಲಿ ಕಥೆ. ಒಬ್ಬ ರಾಜ್ಯದ ಭಾಷೆ ಆಡುತ್ತಾನೆ, ಇನ್ನೊಬ್ಬ ಮನೆಯ ಭಾಷೆ. ತಂದೆಗೆ ಮನೆಯ ಭಾಷೆ ಮರೆತುಹೋಗಿದೆ.

ಮರೆತುಹೋಗಿದೆಯೇ? ಯುದ್ಧದ ಮೊದಲು ಅಕ್ಬರ್ ಒಬ್ಬನೇ ಮಗನ ಡೇರೆಗೆ ಹೋಗುವ ದೃಶ್ಯ ತಪ್ಪದೆ ನೋಡಿ. ಅಲ್ಲಿ ಅವನು ತಂದೆಯಾಗಿ ಮಾತಾಡಲು ಪ್ರಯತ್ನಿಸುತ್ತಾನೆ. ದನಿ ಇಳಿಯುತ್ತದೆ, ಕಂಠ ತುಂಬುತ್ತದೆ, ಮತ್ತೆ ಬಾದಶಹ ಮೇಲೆದ್ದು ಬರುತ್ತಾನೆ. ಒಂದೂವರೆ ಗಂಟೆಯಿಂದ ಕಲ್ಲಿನಂತಿದ್ದ ದನಿ ಬಿರುಕುಬಿಡುವುದನ್ನು ನೀವು ಅಲ್ಲಿ ಕೇಳುತ್ತೀರಿ. ಮೊದಲಿಂದಲೂ ಸಹಜವಾಗಿ ಮಾತಾಡುವ ನಟನಿಗೆ ಈ ಬಿರುಕು ತೋರಿಸಲು ಸಾಧ್ಯವೇ ಇಲ್ಲ, ಒಡೆಯುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಯುದ್ಧಕ್ಕೆ ಹೊರಡುವಾಗ ಜೋಧಾಬಾಯಿ, ಅಂದರೆ ದುರ್ಗಾ ಖೋಟೆ, ಗಂಡನೋ ಮಗನೋ ಎಂದು ಆರಿಸಿಕೊಳ್ಳಬೇಕಾಗಿ ಬಂದು ಕೊನೆಗೆ ಗಂಡನ ಕೈಗೆ ತಲ್ವಾರು ಕೊಡುವ ದೃಶ್ಯದಲ್ಲೂ ಹಾಗೆಯೇ. ಎಲ್ಲವೂ ಟ್ಯಾಬ್ಲೋದಂತೆ ಸ್ತಬ್ಧ, ಆದರೆ ಆ ಸ್ತಬ್ಧತೆಯೊಳಗೆ ಒಂದು ಮನೆ ಮುರಿಯುತ್ತಿರುತ್ತದೆ.

ಕೊನೆಗೆ ಅನಾರ್ಕಲಿಯನ್ನು ಗೋಡೆಯಲ್ಲಿ ಹೂಳುವ ಶಿಕ್ಷೆ. ಆಗ ಅವಳ ತಾಯಿ, ಅದೇ ಹಳೆಯ ದಾಸಿ, ಉಂಗುರ ತೋರಿಸಿ ಮಾತು ನೆನಪಿಸುತ್ತಾಳೆ. ಅಕ್ಬರ್ ಅನಾರ್ಕಲಿಯನ್ನು ಗುಟ್ಟಾಗಿ ಸುರಂಗದ ದಾರಿಯಿಂದ ಬಿಟ್ಟುಕಳಿಸುತ್ತಾನೆ. ಮಗನಿಗೂ ಹೇಳುವಂತಿಲ್ಲ, ಜಗತ್ತಿಗೂ ಹೇಳುವಂತಿಲ್ಲ. ಚಿತ್ರವಿಡೀ ದರ್ಬಾರಿನ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಮಾತಾಡಿದವನು ತನ್ನ ಒಂದೇ ಕರುಣೆಯ ಕೆಲಸವನ್ನು ಕತ್ತಲಲ್ಲಿ ಮಾಡಬೇಕಾಗುತ್ತದೆ, ಮಗನ ಕಣ್ಣಲ್ಲಿ ಕ್ರೂರಿಯಾಗಿಯೇ ಉಳಿಯಬೇಕಾಗುತ್ತದೆ. ಬರಿಗಾಲಿನಲ್ಲಿ ಬೇಡಿದವನು, ಗುಡುಗಿದವನು, ಕೊನೆಗೆ ಬಾಯಿ ಕಟ್ಟಿಕೊಂಡವನು. ಪಾತ್ರದ ಬೆಳವಣಿಗೆ ಎಂದರೆ ಇದೇ.

ಧಾಟಿ ಉಳಿದು ಪಾತ್ರ ಹೋದಾಗ

ಹಾಗಾದರೆ ನನ್ನ ವಿದ್ಯಾರ್ಥಿಗಳು ನಕ್ಕದ್ದು ತಪ್ಪೇ? ಪೂರ್ತಿ ತಪ್ಪು ಅನ್ನಲಾರೆ. ಅವರು ಬೆಳೆದ ಕಾಲದಲ್ಲಿ ಈ ಧಾಟಿ ಅವರ ಕಿವಿಗೆ ಬಿದ್ದದ್ದು ಅಣಕವಾಗಿಯೇ. ಇದಕ್ಕೂ ಒಂದು ಇತಿಹಾಸ ಇದೆ, ಅದು ನಮ್ಮ ಸಮುದಾಯಕ್ಕೆ ತಾಗುವಂಥದ್ದು.

‘ಮುಸ್ಲಿಂ ಸೋಷಿಯಲ್’ ಎಂದು ಕರೆಸಿಕೊಂಡ ಚಿತ್ರಗಳು ಬಂದವು. 1943ರ ‘ನಜ್ಮಾ’, 1960ರ ‘ಚೌದ್ವೀ ಕಾ ಚಾಂದ್’, 1963ರ ‘ಮೇರೆ ಮೆಹಬೂಬ್’. ಅವುಗಳಲ್ಲಿ ಒಳ್ಳೆಯ ಹಾಡುಗಳಿವೆ, ಒಳ್ಳೆಯ ಉರ್ದು ಇದೆ. ಆದರೆ ನಿಧಾನವಾಗಿ ಶೇರ್ವಾನಿ, ಆದಾಬ್, ಪಾನ್‌ದಾನ್, ಶಾಯರಿ ಇವೇ ಮುಸ್ಲಿಂ ಪಾತ್ರ ಎಂದಾಯಿತು. ಲಖನೌ ನವಾಬ ಬಿಟ್ಟರೆ ಬೇರೆ ಮುಸ್ಲಿಮನಿಲ್ಲವೇನೋ ಎಂಬಂತೆ. ನಮ್ಮ ಕಡೆಯ ದಖನಿ ತೆರೆಗೆ ಬಂದದ್ದು ಹೇಗೆ? 1965ರ ‘ಗುಮ್ನಾಮ್’ನಲ್ಲಿ ಮೆಹಮೂದ್ ಅವರ ಹೈದರಾಬಾದಿ ಅಡುಗೆಯವನಾಗಿ, ನಗಿಸುವುದಕ್ಕೆ. ಮೆಹಮೂದ್ ದೊಡ್ಡ ನಟರು, ನಾನೂ ನಕ್ಕಿದ್ದೇನೆ. ಆದರೆ ನನ್ನ ನಾನಾ ಮನೆಯಲ್ಲಿ ಆಡುತ್ತಿದ್ದ ಭಾಷೆಯಲ್ಲಿ ಒಬ್ಬ ತಂದೆ ಅಳುವುದನ್ನು ಆ ಕಾಲದ ತೆರೆಯ ಮೇಲೆ ನಾನು ನೋಡಿದ್ದಿಲ್ಲ.

ದನಿಯ ಧಾಟಿ ಹೀಗೆ ಬರೀ ಉಡುಪಾಗಿಬಿಟ್ಟಾಗ ಅದರೊಳಗೆ ಬದಲಾಗುವ ಮನುಷ್ಯ ಇರುವುದಿಲ್ಲ. ಸೇಡಿನಿಂದ ಮಮತೆಗೆ ನಡೆಯುವ ಎಜ಼್ರಾ ಇಲ್ಲ, ಬೇಡುವುದರಿಂದ ಮೌನಕ್ಕೆ ನಡೆಯುವ ಅಕ್ಬರ್ ಇಲ್ಲ. ಮೊದಲ ದೃಶ್ಯದಲ್ಲಿ ಹೇಗಿದ್ದನೋ ಕೊನೆಯ ದೃಶ್ಯದಲ್ಲೂ ಹಾಗೇ ಇರುವ ಒಂದು ಟೋಪಿ, ಒಂದು ಸಲಾಮು. ಅಂಥದ್ದನ್ನು ನೋಡಿ ಬೆಳೆದ ಮಕ್ಕಳಿಗೆ ಪೃಥ್ವಿರಾಜರ ದನಿಯೂ ಅದರ ಭಾಗವಾಗಿಯೇ ಕೇಳಿಸಿದರೆ ಆಶ್ಚರ್ಯವೇನು?

ಇದಕ್ಕೆ ಉತ್ತರ ಕೊಟ್ಟವರಲ್ಲಿ ಒಬ್ಬರು ನಮ್ಮವರೇ, ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು. ಇಸ್ಮತ್ ಚುಗ್ತಾಯಿ ಅವರ ಕಥೆಯನ್ನು ಆಧರಿಸಿ, ಕೈಫ಼ಿ ಆಜ಼್ಮಿ ಮತ್ತು ಶಮಾ ಜ಼ೈದಿ ಅವರ ಬರವಣಿಗೆಯಲ್ಲಿ ಅವರು 1973ರಲ್ಲಿ ‘ಗರ್ಮ್ ಹವಾ’ ಮಾಡಿದರು. ವಿಭಜನೆಯ ನಂತರದ ಆಗ್ರಾ, ಜೋಡು ತಯಾರಿಸುವ ಸಲೀಂ ಮಿರ್ಜ಼ಾ. ಒಬ್ಬೊಬ್ಬರಾಗಿ ಬಂಧುಗಳು ಪಾಕಿಸ್ತಾನಕ್ಕೆ ಹೊರಡುತ್ತಾರೆ, ಸಾಲ ಸಿಗುವುದಿಲ್ಲ, ಮನೆ ಹೋಗುತ್ತದೆ, ಮಗಳು ಹೋಗುತ್ತಾಳೆ. ಬಲರಾಜ್ ಸಾಹ್ನಿ ಆ ಪಾತ್ರದಲ್ಲಿ ಎಲ್ಲಿಯೂ ದನಿ ಎತ್ತುವುದಿಲ್ಲ. ಮಗಳ ಶವದ ಮುಂದೆಯೂ ಗಟ್ಟಿಯಾಗಿ ಅಳುವುದಿಲ್ಲ. ಸಾಹ್ನಿ 1973ರ ಏಪ್ರಿಲ್‌ನಲ್ಲಿ ತೀರಿಕೊಂಡರು, ಚಿತ್ರ ಜನರ ಮುಂದೆ ಬಂದದ್ದು ಅವರ ನಂತರ.

ಎಜ಼್ರಾ, ಅಕ್ಬರ್, ಸಲೀಂ ಮಿರ್ಜ಼ಾ, ಮೂವರೂ ತಂದೆಯರು. ಇಬ್ಬರು ಗುಡುಗುತ್ತಾರೆ, ಒಬ್ಬ ಗುಡುಗುವುದಿಲ್ಲ. ಮೂವರನ್ನೂ ನಾನು ನಂಬುತ್ತೇನೆ. ಹಾಗಾಗಿ ದನಿಯ ಎತ್ತರದಿಂದ ನಟನೆಯನ್ನು ಅಳೆಯಬೇಡಿ ಎಂಬುದು ನನ್ನ ವಿನಂತಿ. ಆ ಪಾತ್ರ ಎಲ್ಲಿಂದ ಹೊರಟು ಎಲ್ಲಿಗೆ ಬಂತು, ದಾರಿಯಲ್ಲಿ ದನಿ ಎಲ್ಲಿ ಬದಲಾಯಿತು, ಇದನ್ನು ಕೇಳಿ.

ಒಂದು ಕೊನೆಯ ಸಂಗತಿ. ಪೃಥ್ವಿರಾಜ್ ಕಪೂರ್ ಕನ್ನಡದಲ್ಲೂ ನಟಿಸಿದ್ದಾರೆ ಎಂಬುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. 1971ರ ‘ಸಾಕ್ಷಾತ್ಕಾರ’, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಜೊತೆಗೆ ರಾಜ್‌ಕುಮಾರ್. ಪಾರ್ಸಿ ರಂಗಭೂಮಿಯ ಧಾಟಿಯಿಂದ ಬಂದವರೂ ಗುಬ್ಬಿ ಕಂಪನಿಯ ಧಾಟಿಯಿಂದ ಬಂದವರೂ ಒಂದೇ ಚಿತ್ರದಲ್ಲಿ ನಿಂತಿದ್ದಾರೆ. ಮರುವರ್ಷ ಮೇ ತಿಂಗಳಲ್ಲಿ ಪೃಥ್ವಿರಾಜ್ ತೀರಿಕೊಂಡರು.

ಈ ವರ್ಷ ಮತ್ತೆ ಅದೇ ತುಣುಕು ತೋರಿಸಿದೆ. ಈ ಸಲ ಮೊದಲು ಮಕ್ಕಳಿಗೆ ಕಣ್ಣುಮುಚ್ಚಲು ಹೇಳಿ ಬರೀ ದನಿ ಕೇಳಿಸಿದೆ, ಆ ಕುರುಡ ಪ್ರೇಕ್ಷಕನ ಕಥೆ ಹೇಳಿದ ಮೇಲೆ. ಆಮೇಲೆ ಡೇರೆಯ ದೃಶ್ಯ ಹಾಕಿದೆ. ಒಂದಿಬ್ಬರು ನಕ್ಕರು, ಸುಳ್ಳು ಹೇಳುವುದಿಲ್ಲ. ಹೋದ ವರ್ಷ ಪ್ರಶ್ನೆ ಕೇಳಿದ್ದ ಹುಡುಗಿ ಈಗ ಹತ್ತನೇ ತರಗತಿ. ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಮುಗಿದ ಮೇಲೆ ಹೇಳಿದಳು: “ಟೀಚರ್, ಇಲ್ಲಿ ಅವರು ಗಟ್ಟಿಯಾಗಿ ಮಾತಾಡ್ತಾ ಇಲ್ಲ.”

ನೀವೂ ಒಮ್ಮೆ ನೋಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಡೈಲಾಗು ಅವರಿಗೆ ಬಾಯಿಪಾಠ ಇರಬಹುದು, ಹೇಳಿಸಿ ಕೇಳಿ.